ಚೀಲ ಹೊಲಿ, ಹಾರ್ನೆಸ್ ಬೇಡ

ಬಂಡೆ ಹತ್ತುವ ಹುಚ್ಚು ನಿನಗೆ ಹಿಡಿದಿದೆ. ಒಳ್ಳೆಯದೇ ಆಯಿತು ಮರಿ. ಹಿಡಿದು ಇನ್ನೂ ಒಂದು ಮಳೆಗಾಲ ಕಳೆದಿಲ್ಲ, ಆಗಲೇ ಸಾಮಾನಿನ ಬೆಲೆ ನೋಡಿ ಮುಖ ಗಂಟು ಹಾಕಿಕೊಂಡಿದ್ದೀಯ. ‘ಸೊಂಟಕ್ಕೆ ಬಿಗಿಯುವ ಹಾರ್ನೆಸ್ಸಿಗೆ ಇಷ್ಟೊಂದು ದುಡ್ಡಾ? ಒಂದಿಷ್ಟು ಪಟ್ಟಿ, ಎರಡು ಬಕಲ್, ನಾಲ್ಕು ಹೊಲಿಗೆ. ನಾನೇ ಮಾಡಿಕೊಳ್ತೀನಿ’ ಅಂತ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನಿನ ಧೂಳು ಒರೆಸಿದ್ದೀಯ. ಕೈಯಾರೆ ಏನಾದರೂ ಮಾಡಬೇಕೆನ್ನುವ ಮಕ್ಕಳನ್ನು ಕಂಡರೆ ನನಗೆ ಬಲು ಪ್ರೀತಿ. ಅದಕ್ಕೇ ಕಿವಿ ಹಿಡಿದು ಹೇಳುತ್ತಿದ್ದೇನೆ. ಕೆಟ್ಟುಹೋದರೆ ನಗು ಬರುವಂಥದ್ದನ್ನೆಲ್ಲ ಮನೆಯಲ್ಲೇ ಮಾಡು. ಕೆಟ್ಟುಹೋದರೆ ನಿನ್ನನ್ನು ನಾಲ್ಕು ಜನ ಹೊತ್ತು ತರಬೇಕಾಗುವಂಥದ್ದನ್ನು ಅಂಗಡಿಯಿಂದ ತಾ.

ಮೊದಲು ಚಾಕ್ ಹಾಕಿಕೊಳ್ಳುವ ಚೀಲ ಹೊಲಿ. ಹರಿದ ಜೀನ್ಸಿನ ಕಾಲನ್ನು ಒಂದು ಗೇಣು ಕತ್ತರಿಸು, ತಳಕ್ಕೆ ದುಂಡನೆಯ ತುಂಡು ಕೊಟ್ಟು ಹೊಲಿ. ಹಳೆ ಸ್ವೆಟರಿನದೋ ಮಂಕಿ ಕ್ಯಾಪಿನದೋ ಮೆತ್ತನೆಯ ಬಟ್ಟೆ ಒಳಗೆ ಲೈನಿಂಗ್ ಆಗಲಿ. ಪುಡಿ ಅದರಲ್ಲಿ ನಿಲ್ಲುತ್ತೆ, ಬೆರಳಿಗೆ ಹದವಾಗಿ ಹತ್ತುತ್ತೆ. ಬಾಯಿ ಮಡಚಿಕೊಳ್ಳದ ಹಾಗೆ ಅಂಚಿನೊಳಗೆ ಪಾರ್ಸಲ್ ಪೆಟ್ಟಿಗೆಗೆ ಬಿಗಿದು ಬರುತ್ತಲ್ಲ, ಆ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಸೇರಿಸು. ಲಾಡಿ ಪೋಣಿಸು, ಸೊಂಟಕ್ಕೆ ಕಟ್ಟಿಕೋ. ಆ ಸೊಂಟದ ದಾರಕ್ಕೆ ಚೀಲ ಬಿಟ್ಟು ಬೇರೇನನ್ನೂ ಸಿಕ್ಕಿಸಬೇಡ. ಮಾತಾಡುತ್ತಾ ಆತುರದಲ್ಲಿ ಅದಕ್ಕೇ ಹಗ್ಗ ಸಿಕ್ಕಿಸುವ ಜಾಣರೂ ಇರುತ್ತಾರೆ.

ಚೀಲದೊಳಗೆ ಶಾಲೆಯ ಸೀಮೆಸುಣ್ಣ ಕುಟ್ಟಿ ತುಂಬುವ ಯೋಚನೆ ನಿನಗೆ ಬಂದೇ ಬಂದಿರುತ್ತೆ. ಬೇಡ. ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್ಮು. ಬಂಡೆಗೆ ಬೇಕಾದದ್ದು ಬೆವರು ಹೀರುವ ಮೆಗ್ನೀಸಿಯಮ್ ಕಾರ್ಬೊನೇಟು. ಜಾನ್ ಗಿಲ್ ಅನ್ನುವ ಅಮೆರಿಕದ ಜಿಮ್ನಾಸ್ಟ್ 1950ರ ದಶಕದಲ್ಲಿ ಕಸರತ್ತಿನ ಮನೆಯಿಂದ ಬಂಡೆಗೆ ತಂದದ್ದು ಇದನ್ನೇ. ಪುಡಿ ಕೊಂಡು ತಂದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕದಡಿ ಸೀಸೆಯಲ್ಲಿಟ್ಟರೆ ಕೈಗೆ ಹಚ್ಚುವ ದ್ರವ ಚಾಕ್ ಆಯಿತು. ಅದನ್ನು ಕದಡುವುದು ಅಡುಗೆಮನೆಯಲ್ಲಿ ಅಲ್ಲ, ಗ್ಯಾಸ್ ಒಲೆಯ ಹತ್ತಿರವಂತೂ ಅಲ್ಲವೇ ಅಲ್ಲ.

ಆಮೇಲೆ ಮರದ ಕೆಲಸ. ಬೆರಳಿಗೆ ಉಡದ ಪಟ್ಟು ಬರಬೇಕು ಅಂತ ನಿನ್ನ ಆಸೆ. ಬೆರಳಲ್ಲಿ ನೇತಾಡಲು ಒಂದು ಬೆರಳಹಲಗೆ ಮಾಡಿಕೋ. ಸಿಬಿರು ಏಳದ ಗಟ್ಟಿ ಮರ ತಾ. ಬಡಗಿಯ ಹತ್ತಿರ ಉಳಿದ ತೇಗದ ತುಂಡು ಸಾಕು. ಇಪ್ಪತ್ತು ಮಿಲಿಮೀಟರ್ ಆಳದ ಅಂಚು ಬಿಡು. ಅದಕ್ಕಿಂತ ಸಣ್ಣದರ ಆಸೆ ಸದ್ಯಕ್ಕೆ ಬೇಡ. ಅಂಚಿನ ಮೂಲೆಯನ್ನು ದುಂಡಗೆ ಉಜ್ಜು, ಎಷ್ಟು ಉಜ್ಜಿದರೂ ಇನ್ನೊಂದು ಸುತ್ತು ಉಜ್ಜು. ಇಲ್ಲಿ ನಿನ್ನ ಸಹನೆಯ ಪರೀಕ್ಷೆ ಆಗುತ್ತೆ, ನೋಡುತ್ತಿರುತ್ತೇನೆ. ಪಾಲಿಶ್ ಬಳಿಯಬೇಡ, ಜಾರುತ್ತೆ. ನೇತುಹಾಕುವುದು ಬಾಗಿಲ ಮೇಲಿನ ಕಾಂಕ್ರೀಟ್ ಲಿಂಟಲ್ಲಿಗೆ, ಆಂಕರ್ ಬೋಲ್ಟ್ ಹಾಕಿ. ಗಾರೆಗೆ ಮೊಳೆ ಹೊಡೆದು, ಟೊಳ್ಳು ಇಟ್ಟಿಗೆಗೆ ಸ್ಕ್ರೂ ತಿರುಗಿಸಿ, ಹಲಗೆ ಗಾರೆ ಎಲ್ಲವನ್ನೂ ತಲೆಮೇಲೆ ಹಾಕಿಕೊಂಡ ಹುಡುಗರನ್ನು ಕಂಡಿದ್ದೇನೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳು.

ವೋಲ್ಫ್‌ಗಾಂಗ್ ಗ್ಯುಲಿಕ್ ಅನ್ನುವ ಜರ್ಮನ್ ಹುಡುಗ 1988ರಲ್ಲಿ ನ್ಯೂರೆಂಬರ್ಗಿನ ಒಂದು ವ್ಯಾಯಾಮಶಾಲೆಯಲ್ಲಿ ಮುಂದಕ್ಕೆ ವಾಲಿದ ಹಲಗೆಗೆ ಮರದ ಪಟ್ಟಿ ಬಡಿದ, ಕಾಲು ಇಡದೆ ಬರೀ ಬೆರಳಿನಲ್ಲಿ ಒಂದೊಂದೇ ಪಟ್ಟಿ ಹತ್ತಿ ಅಭ್ಯಾಸ ಮಾಡಿದ. 1991ರಲ್ಲಿ ಜರ್ಮನಿಯ ಫ್ರಾಂಕೆನ್‌ಯುರಾದ ‘ಆಕ್ಷನ್ ಡಿರೆಕ್ಟ್’ ಹತ್ತಿದ. ಅಷ್ಟು ಕಷ್ಟದ ಹಾದಿಯನ್ನು ಅಲ್ಲಿಯವರೆಗೆ ಯಾರೂ ಹತ್ತಿರಲಿಲ್ಲ. ಬಡಗಿ ಮಾಡಬಹುದಾದ ನಾಲ್ಕು ಪಟ್ಟಿ ಇಡೀ ಆಟವನ್ನು ಬದಲಿಸಿಬಿಟ್ಟವು. ಆದರೆ ಅವನ ಬೆರಳು ವರ್ಷಗಟ್ಟಲೆ ಬಂಡೆ ಹಿಡಿದು ಪಳಗಿತ್ತು. ನಿನ್ನವು ಮೊನ್ನೆಯವರೆಗೆ ಮೊಬೈಲ್ ಹಿಡಿದಿದ್ದವು. ಸ್ನಾಯು ಬೇಗ ಬಲಿಯುತ್ತೆ, ಬೆರಳಿನ ಕಂಡರ ನಿಧಾನ. ಹದಿಹರೆಯದ ತಮ್ಮನನ್ನು ನಿನ್ನ ಹಲಗೆಗೆ ನೇತುಹಾಕಬೇಡ. ಬೆಳೆಯುವ ಬೆರಳಿನ ಮೂಳೆ ಆ ಭಾರಕ್ಕೆ ಬಿರುಕು ಬಿಡಬಹುದು. ನೀನೂ ಮೊದಲ ದಿನಗಳಲ್ಲಿ ಒಂದು ಕಾಲು ಕುರ್ಚಿಯ ಮೇಲಿಟ್ಟುಕೊಂಡೇ ನೇತಾಡು.

ಹಂಪಿಯ ಗುಂಡುಗಳ ಮೇಲೆ ಆಡುವ ಆಸೆಯಿದ್ದರೆ ಬೀಳುವ ಹಾಸಿಗೆಯನ್ನೂ ಮಾಡಿಕೊಳ್ಳಬಹುದು. ಫೋಮ್ ಅಂಗಡಿಯಲ್ಲಿ ಎರಡು ಬಗೆ ಕೇಳು. ಗಟ್ಟಿಯದು ಮೇಲೆ, ಮೆತ್ತನೆಯದು ಕೆಳಗೆ. ಎಲ್ಲರೂ ತಿರುಗುಮುರುಗು ಮಾಡುತ್ತಾರೆ, ಮೆತ್ತಗಿದ್ದರೆ ಹಿತ ಅಂತ. ಮೇಲಿನ ಗಟ್ಟಿ ಪದರ ನಿನ್ನ ಹಿಮ್ಮಡಿಯ ಏಟನ್ನು ಅಗಲಕ್ಕೆ ಹರಡಬೇಕು, ಕೆಳಗಿನದು ಅದನ್ನು ನುಂಗಬೇಕು. ದೇವಸ್ಥಾನ, ಮಂಟಪಗಳ ಪಕ್ಕದ ಬಂಡೆ ಮಾತ್ರ ಮುಟ್ಟಬೇಡ. ಬಂಡೆಗೆ ಅಂಟಿದ ಚಾಕ್ ತಿಕ್ಕಲು ಹಳೆ ಹಲ್ಲುಜ್ಜುವ ಬ್ರಷ್ಷು ಸಾಕು. ತಂತಿ ಬ್ರಷ್ಷು ಮನೆಯಲ್ಲೇ ಇರಲಿ, ಬಾದಾಮಿಗಂತೂ ಒಯ್ಯಲೇಬೇಡ. ಅಲ್ಲಿನ ಮರಳುಗಲ್ಲು ಒಂದು ಸಲ ಸವೆದರೆ ಸವೆದಂತೆಯೇ.

ಇಷ್ಟು ಹೇಳುವಷ್ಟರಲ್ಲಿ ನೀನು ಎದ್ದು ನಿಂತಿದ್ದೀಯ. ‘ಶುನಾರ್ಡ್ ಮನೆಯಲ್ಲೇ ಮಾಡಲಿಲ್ವಾ?’ ಮಾಡಿದ, ನಿಜ. ಕುಳಿತುಕೋ, ಪೂರ್ತಿ ಕೇಳು.

ಅಮೆರಿಕದ ಏರುಗಾರ ಇವಾನ್ ಶುನಾರ್ಡ್ 1957ರಲ್ಲಿ ಗುಜರಿಯಿಂದ ಹಳೆಯ ಕಲ್ಲಿದ್ದಲ ಕುಲುಮೆ ತಂದ. 138 ಪೌಂಡಿನ ಕಬ್ಬಿಣದ ಅಡಿಗಲ್ಲು, ಇಕ್ಕಳ, ಸುತ್ತಿಗೆ ಕೂಡಿಸಿಕೊಂಡ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿ ಅಪ್ಪನ ಮನೆಯ ಹಿತ್ತಿಲಲ್ಲಿ ಕಮ್ಮಾರಿಕೆ ಕಲಿತ. ಬಂಡೆಯ ಬಿರುಕಿಗೆ ಬಡಿಯುವ ಪಿಟಾನ್ ಮೊಳೆಗಳನ್ನು ಕುಯ್ಲು ಯಂತ್ರದ ಹಳೆ ಅಲಗಿನಿಂದ ಮಾಡಿದ. ಗಂಟೆಗೆ ಎರಡು, ಒಂದೊಂದಕ್ಕೆ ಒಂದೂವರೆ ಡಾಲರ್. ಅವನಿಗಿಂತ ಹತ್ತು ವರ್ಷ ಮೊದಲೇ ಜಾನ್ ಸಲಾತೆ ಅನ್ನುವ ಸ್ವಿಸ್ ಮೂಲದ ಕಮ್ಮಾರ ಯೊಸೆಮಿಟಿ ಕಣಿವೆಯ ಗಡುಸು ಗ್ರಾನೈಟಿಗೆ ಬಾಗದ ಉಕ್ಕಿನ ಮೊಳೆ ಬಡಿದಿದ್ದ. ಸಲಾತೆಯ ಕಸುಬೇ ಕಬ್ಬಿಣ. ಶುನಾರ್ಡ್ ಕೂಡ ವ್ಯಾಪಾರ ಬೆಳೆದ ಮೇಲೆ ಟಾಮ್ ಫ್ರಾಸ್ಟ್ ಅನ್ನುವ ಇಂಜಿನಿಯರನ್ನು ಪಾಲುದಾರ ಮಾಡಿಕೊಂಡ, ಒಬ್ಬನೇ ಎಲ್ಲ ಬಲ್ಲೆ ಅನ್ನಲಿಲ್ಲ. ಮತ್ತೊಂದನ್ನು ನೀನು ಯಾವತ್ತೂ ಹೇಳುವುದಿಲ್ಲ. ಮೊಳೆ ಬಡಿದೂ ಕಿತ್ತೂ ಯೊಸೆಮಿಟಿಯ ಬಿರುಕುಗಳು ಹಾಳಾಗುತ್ತಿವೆ ಅಂತ ಕಂಡಾಗ, ತನ್ನ ವ್ಯಾಪಾರವನ್ನು ಎತ್ತಿ ನಿಲ್ಲಿಸಿದ ಅದೇ ಮೊಳೆಯಿಂದ ಅವನು ಹಿಂದೆ ಸರಿದ. 1972ರ ಬೆಲೆಪಟ್ಟಿಯಲ್ಲಿ, ಕೈಯಿಂದ ಸಿಕ್ಕಿಸಿ ಕೈಯಿಂದಲೇ ತೆಗೆಯುವ ಸಾಮಾನು ಬಳಸಿ ಅಂತ ಗಿರಾಕಿಗಳಿಗೆ ಹೇಳಿದ. ಅವನಿಂದ ಕಲಿಯುವುದಾದರೆ ಇದನ್ನೂ ಕಲಿ.

ಆ ಕೈಯಿಂದ ಸಿಕ್ಕಿಸುವ ಸಾಮಾನಿನ ಹುಟ್ಟೂ ಮನೆಯ ಕೈಕೆಲಸದಲ್ಲೇ. ವೇಲ್ಸಿನ ಸ್ನೋಡನ್ ಬೆಟ್ಟದ ಬಂಡೆಗೆ ಹೋಗುವಾಗ ಹತ್ತುವವರು ರೈಲು ಹಳಿ ಪಕ್ಕ ಬಿದ್ದ ನಟ್ಟುಗಳನ್ನು ಆರಿಸಿಕೊಳ್ಳುತ್ತಿದ್ದರು. ಒಳಗಿನ ತಿರುಪಿನ ಮರೆಯನ್ನು ಕೊರೆದು ನುಣುಪು ಮಾಡುತ್ತಿದ್ದರು, ಇಲ್ಲದಿದ್ದರೆ ಅದೇ ಹಗ್ಗವನ್ನು ಕೊಯ್ಯುತ್ತೆ. ಅದಕ್ಕೆ ಹಗ್ಗ ಪೋಣಿಸಿ ಬಿರುಕಿನಲ್ಲಿ ಸಿಕ್ಕಿಸುತ್ತಿದ್ದರು. 1961ರಲ್ಲಿ ಶೆಫೀಲ್ಡಿನ ಜಾನ್ ಬ್ರೈಲ್ಸ್‌ಫರ್ಡ್ ಬಂಡೆಗೆಂದೇ ನಟ್ಟು ತಯಾರಿಸಿದರು. ಅಂದಿನವರ ಜಾಣತನ ನನಗೂ ಮೆಚ್ಚುಗೆ. ಆದರೆ ಅವರ ಕಾಲದಲ್ಲಿ ಒಂದು ಕಟ್ಟುನಿಟ್ಟಿತ್ತು: ಮುಂದೆ ಹತ್ತುವವನು ಬೀಳಕೂಡದು. ಬಿದ್ದರೆ ಸಾಮಾನು ಹಿಡಿಯುತ್ತೆ ಅನ್ನುವ ಭರವಸೆ ಅವರಿಗೇ ಇರಲಿಲ್ಲ. ಬೀಳುವುದನ್ನೇ ಅಭ್ಯಾಸ ಮಾಡುವ ಪೀಳಿಗೆ ನಿಮ್ಮದು. ಬಾದಾಮಿಯಲ್ಲಿ ಒಂದೇ ಹಾದಿಯಲ್ಲಿ ಬಿದ್ದು ಎದ್ದು ಮತ್ತೆ ಹತ್ತುತ್ತೀರಿ. ಅವರ ನಟ್ಟು ಬೇಕು ಅನ್ನುವವರಿಗೆ ಅವರ ಎಚ್ಚರ ಬೇಡವಾ?

ಈಗ ಭಾರದ ಲೆಕ್ಕಕ್ಕೆ ಬರೋಣ. ‘ನಾನೇ ಹೊಲಿದ ಹಾರ್ನೆಸ್ಸನ್ನು ಮಾಡಿನ ಕೊಕ್ಕೆಗೆ ಕಟ್ಟಿ ನೇತಾಡಿ ನೋಡಿದೆ, ಗಟ್ಟಿಯಿದೆ’ ಅಂತೀಯ. ಅರುವತ್ತು ಕೆ.ಜಿ.ಯ ನೀನು ಸುಮ್ಮನೆ ನೇತಾಡಿದರೆ ಬೀಳುವ ಬಲ ಅರ್ಧ ಕಿಲೋನ್ಯೂಟನ್ನಿಗಿಂತ ಚೂರು ಹೆಚ್ಚು. ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕೆ.ಜಿ. ಭಾರ ಅಂದುಕೋ. ಜೋರಾಗಿ ಬಿದ್ದಾಗ ಅದೇ ಮೈ ನಾಲ್ಕೈದು ಕಿಲೋನ್ಯೂಟನ್ನಿನಿಂದ ಎಳೆಯಬಲ್ಲದು. ಹಗ್ಗ ಹಾದುಹೋಗುವ ಮೇಲಿನ ಕೊಂಡಿಯನ್ನು, ಅಂದರೆ ಕ್ಯಾರಾಬಿನರನ್ನು, ಒಂದು ಕಡೆ ನೀನು ಎಳೆದರೆ ಇನ್ನೊಂದು ಕಡೆ ಕೆಳಗೆ ಹಗ್ಗ ಹಿಡಿದವರು ಎಳೆಯುತ್ತಾರೆ, ಅಲ್ಲಿಗೆ ಭಾರ ಇನ್ನೂ ಒಂದೂವರೆ ಪಟ್ಟು. ಅದಕ್ಕೇ ಯೂರೋಪಿನ ಮಾನದಂಡ ಕ್ಯಾರಾಬಿನರಿಗೆ ಕನಿಷ್ಠ 20 ಕಿಲೋನ್ಯೂಟನ್, ಸ್ಲಿಂಗ್ ಅನ್ನುವ ಹೊಲಿದ ಪಟ್ಟಿಯ ಕುಣಿಕೆಗೆ 22, ಹಾರ್ನೆಸ್ಸಿಗೆ 15 ಕೇಳುತ್ತೆ. ಅದೇ ಕ್ಯಾರಾಬಿನರಿನ ಬಾಯಿ ತೆರೆದಿದ್ದರೆ 7 ಸಾಕು ಅನ್ನುತ್ತೆ. ಅಂಗಡಿಯದ್ದೇ ಆದರೂ ಬಾಯಿ ಮುಚ್ಚಿದೆಯಾ ಅಂತ ನೋಡುವ ಕೆಲಸ ನಿನ್ನದೇ.

ಹಗ್ಗದ್ದು ಇನ್ನೂ ಸೂಕ್ಷ್ಮ. ಲಾರಿಗೆ ಬಿಗಿಯುವ ಹಗ್ಗ ತೋರಿಸಿ ‘ಲೋಡನ್ನೇ ಹಿಡಿಯುತ್ತೆ, ನನ್ನನ್ನು ಹಿಡಿಯಲ್ವಾ’ ಅಂದರೆ ನಾನು ಒಪ್ಪುವುದಿಲ್ಲ. ಹಿಡಿಯಬಹುದು, ನಿನ್ನ ಬೆನ್ನುಮೂಳೆ ತಡೆಯುವುದಿಲ್ಲ. ಬಂಡೆಯ ಹಗ್ಗ ಎಳೆದುಕೊಂಡು ಏಟನ್ನು ನುಂಗಬೇಕು. 80 ಕೆ.ಜಿ. ಗುಂಡನ್ನು ಅದಕ್ಕೆ ಕಟ್ಟಿ ಬೀಳಿಸುತ್ತಾರೆ, ಮೊದಲ ಬೀಳಿನ ಏಟು 12 ಕಿಲೋನ್ಯೂಟನ್ ಮೀರಬಾರದು, ಕನಿಷ್ಠ ಐದು ಬೀಳು ತುಂಡಾಗದೆ ತಾಳಬೇಕು.

ಕಾರ್ಖಾನೆಯವರು ಒಂದೊಂದು ಸಾಮಾನನ್ನೂ ನೂರು ಮಾಡಿ ಕೆಲವನ್ನು ಹರಿಯುವವರೆಗೂ ಎಳೆದು ನೋಡುತ್ತಾರೆ, ಹರಿದದ್ದನ್ನು ನೋಡಿ ಉಳಿದದ್ದನ್ನು ನಂಬುತ್ತಾರೆ. ನೀನು ಮಾಡುವುದು ಒಂದೇ ಒಂದು. ಎಳೆದು ನೋಡಿದರೆ ಅದು ಹಾಳು, ನೋಡದಿದ್ದರೆ ಅದರ ಬಲ ನಿನಗೇ ತಿಳಿಯದು. ಪೀಣ್ಯದಲ್ಲಿ ಲೇತ್ ಇಟ್ಟಿರುವ ಮಾವ ಎಷ್ಟೇ ನುರಿತವರಾದರೂ ಲೋಹದ ಒಳಗಿನ ಕೂದಲೆಳೆಯ ಬಿರುಕು ಅವರ ಕಣ್ಣಿಗೆ ಬೀಳುವುದಿಲ್ಲ. ಮನೆಯ ಹೊಲಿಗೆಯೂ ಹಾಗೇ. ರವಿಕೆಗೆ ಹಾಕುವ ದಾರ ಬಿಸಿಲಿಗೂ ಬೆವರಿಗೂ ಸಾಯುತ್ತೆ. ಸೂಜಿ ದಪ್ಪ ಪಟ್ಟಿಯನ್ನು ತೂರುವಾಗ ಎಳೆಯನ್ನು ಕತ್ತರಿಸಿತಾ ಸರಿಸಿತಾ, ಹೇಳುವವರು ಯಾರು?

ಕೊಂಡದ್ದೂ ಶಾಶ್ವತ ಅಲ್ಲ. ಟಾಡ್ ಸ್ಕಿನ್ನರ್ ಅಮೆರಿಕದ ಹೆಸರಾಂತ ಏರುಗಾರ. 2006ರ ಅಕ್ಟೋಬರಿನಲ್ಲಿ ಯೊಸೆಮಿಟಿಯ ಲೀನಿಂಗ್ ಟವರಿನಿಂದ ಇಳಿಯುವಾಗ ಅವನ ಹಾರ್ನೆಸ್ಸಿನ ಮುಂದೆ ಹಗ್ಗದ ಸಾಧನ ಸಿಕ್ಕಿಸುವ ಬಿಲೇ ಕುಣಿಕೆ ತುಂಡಾಯಿತು. ಅದು ಸವೆದಿದೆ ಅಂತ ಮೊದಲೇ ಗೊತ್ತಿತ್ತು, ಹೊಸ ಹಾರ್ನೆಸ್ಸಿಗೆ ಹೇಳಿಯೂ ಆಗಿತ್ತು. ಹೊಸದು ಬರುವಷ್ಟರಲ್ಲಿ ಅವನು ಹೋಗಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ತಳಮಳಿಸುತ್ತೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನೀನು ಕಣ್ಣಾರೆಯೂ ನೋಡದೆ ಡಿಕ್ಕಿಗೆ ತುರುಕುತ್ತೀಯ. ಪ್ರತಿ ಸಲ ಪಟ್ಟಿಯನ್ನು ಬೆರಳಲ್ಲಿ ಸವರು, ಹೊಲಿಗೆ ಎದ್ದಿದೆಯಾ ನೋಡು. ಇನ್ವರ್ಟರ್ ಬ್ಯಾಟರಿಯ ಪಕ್ಕ ಹಗ್ಗ ನೇತುಹಾಕಬೇಡ. ಅದರ ಆಸಿಡ್ ನೈಲಾನನ್ನು ಒಳಗೇ ತಿನ್ನುತ್ತೆ, ಹೊರಗೆ ಕಲೆಯೂ ಕಾಣದಿರಬಹುದು. ಬಿಸಿಲು ಬೀಳುವ ಮಾಳಿಗೆಯೂ ಬೇಡ.

ಜೀವ ತೂಗುವ ಸಾಮಾನಿನಲ್ಲಿ ನಿನ್ನ ಕೈಗೆ ಏನೂ ಉಳಿಯಲಿಲ್ಲ ಅಂತ ಸಪ್ಪಗಾಗಬೇಡ. ಗಂಟು ಇದೆ. ಬಂಡೆಗೆಂದೇ ಮಾಡಿದ ಆರು ಮಿಲಿಮೀಟರಿನ ಹುರಿಯನ್ನು ಅಳತೆಗೆ ಕೊಂಡು ತಾ, ಜೋಡಿ ಫಿಷರ್‌ಮನ್ ಗಂಟು ಹಾಕಿ ಕುಣಿಕೆ ಮಾಡು. ಅದನ್ನು ಹಗ್ಗಕ್ಕೆ ಸುತ್ತಿದರೆ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ತೋರಿಸಿಕೊಟ್ಟ ಗಂಟಾಯಿತು. ಭಾರ ಬಿದ್ದರೆ ಕಚ್ಚುತ್ತೆ, ಬಿಟ್ಟರೆ ಸರಿಯುತ್ತೆ. ಹೊಲಿಗೆಯ ಒಳಗು ಕಾಣುವುದಿಲ್ಲ, ಗಂಟಿನ ಪ್ರತಿ ಸುತ್ತೂ ಕಾಣುತ್ತೆ. ಜೊತೆಗಾರರಿಗೆ ತೋರಿಸು, ‘ಸರಿಯಿದೆಯಾ’ ಅಂತ ಕೇಳು. ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಪಟ್ಟಿಗೆ ವಾಟರ್ ನಾಟ್ ಹಾಕಿದರೆ ಬಾಲ ಮೂರು ಇಂಚಾದರೂ ಬಿಡು. ಆ ಗಂಟು ಭಾರ ಬಿದ್ದೂ ಬಿಟ್ಟೂ ನಿಧಾನಕ್ಕೆ ಜಾರುತ್ತೆ, ಹತ್ತುವ ಮುಂಚೆ ಪ್ರತಿ ಸಲ ಬಾಲ ಅಳೆದು ನೋಡು. ಕ್ಯಾರಾಬಿನರ್ ಉಳಿಸಲು ಹಗ್ಗವನ್ನು ನೇರ ಪಟ್ಟಿಯೊಳಗೆ ಪೋಣಿಸಿ ಕೆಳಗಿಳಿಯಬೇಡ. ನೈಲಾನು ನೈಲಾನಿಗೆ ಉಜ್ಜಿ ಕಾದರೆ ಕರಗಿ ಹರಿಯುತ್ತೆ, ಚಾಕು ಬೇಕಾಗಿಲ್ಲ.

ಬಂಡೆಗೆ ಬೋಲ್ಟ್ ಹೊಡೆಯುವ ಉಮೇದು ಬಂದರೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ, ಬೋಲ್ಟಿಗೆ ಕೂರುವ ಹ್ಯಾಂಗರ್ ಹೊಡೆಯಬೇಡ, ಇದು ಕಟ್ಟಪ್ಪಣೆ. ನಿನ್ನ ಸೊಂಟದ ಹಾರ್ನೆಸ್ ನಿನಗೆ ಮಾತ್ರ. ಬೋಲ್ಟು ಹಾಗಲ್ಲ. ಮುಂದಿನ ವಾರ ಧಾರವಾಡದಿಂದಲೋ ಪುಣೆಯಿಂದಲೋ ಯಾರದೋ ಮನೆಯ ಮಗು ಬರುತ್ತೆ, ತಿಳಿದವರು ಹೊಡೆದಿರಬೇಕು ಅಂತ ನಂಬಿ ಅದಕ್ಕೆ ಹಗ್ಗ ಸಿಕ್ಕಿಸುತ್ತೆ. ಬೋಲ್ಟ್ ಹೊಡೆಯುವುದನ್ನು ವರ್ಷಗಟ್ಟಲೆ ಮಾಡಿದವರ ಪಕ್ಕ ನಿಂತು, ಅವರ ಡ್ರಿಲ್ಲು ಹೊತ್ತು ಕಲಿ.

ಸವೆದ ಹಗ್ಗದಿಂದ ಕಾಲೊರಸು ನೇಯಬಹುದು, ಚೆಂದ ಬರುತ್ತೆ, ಬಹಳ ಬಾಳಿಕೆ. ಬಟ್ಟೆ ಹರವಲು ಬೇಕು ಅಂತ ಪಕ್ಕದ ಮನೆಯವರು ಕೇಳಿದರೂ ಕೊಡು. ಆದರೆ ಮೊದಲು ಅದನ್ನು ಮೂರು ನಾಲ್ಕು ತುಂಡು ಮಾಡು. ಇಡಿಯಾಗಿ ಕೊಟ್ಟರೆ ಅವರ ಮನೆಯಲ್ಲೂ ನಿನ್ನಂಥ ಒಂದು ಮಗು ಇರುತ್ತೆ.