ಕಾದಿಟ್ಟ ಬೀಜ, ಕೊಂಡ ಬೀಜ: ರೈತನ ಕೈಗೆ ಕಾನೂನು ಕೊಟ್ಟದ್ದೇನು?

ಮನೆಯಲ್ಲಿ ಕಾದಿಟ್ಟ ಬೀಜವನ್ನು ಬಿತ್ತುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದು ಕಂಪನಿಯೊಂದು ತನ್ನ ಹೆಸರಿಗೆ ನೋಂದಾಯಿಸಿಕೊಂಡ ತಳಿಯೇ ಆಗಿದ್ದರೂ ಬೇಕಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ರೈತ ತಾನು ಬೆಳೆದದ್ದನ್ನು, ಅದರ ಬೀಜವನ್ನೂ ಸೇರಿಸಿ, ಕೂಡಿಡಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಅದಲುಬದಲು ಮಾಡಬಹುದು, ಹಂಚಬಹುದು, ಮಾರಲೂಬಹುದು. ಕಟ್ಟುಪಾಡು ಒಂದೇ: ಪಾಕೀಟಿನಲ್ಲಿ ತುಂಬಿ, ‘ಇದು ಇಂಥ ಸಂರಕ್ಷಿತ ತಳಿ’ ಎಂದು ಚೀಟಿ ಅಂಟಿಸಿ ಮಾರುವಂತಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಪಕ್ಕದ ಊರಿನ ನೆಂಟರಿಗೆ ದುಡ್ಡಿಗೆ ಕೊಟ್ಟರೆ ಯಾರೂ ಕೇಳುವ ಹಾಗಿಲ್ಲ.

ಹೀಗಿದ್ದೂ ಕೇಳಿದವರುಂಟು. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಅಹಮದಾಬಾದಿನಲ್ಲಿ ದಾವೆ ಹೂಡಿತು. ಚಿಪ್ಸ್ ಮಾಡಲು ಬಳಸುವ ಎಫ್‌ಎಲ್ 2027 ಎಂಬ ತಳಿಯನ್ನು ತನ್ನ ಒಪ್ಪಿಗೆಯಿಲ್ಲದೆ ಬೆಳೆದಿದ್ದಾರೆಂಬುದು ಅದರ ತಕರಾರು. ನಾಲ್ಕು ಎಕರೆ ಹೊಲದ ಸಣ್ಣ ಹಿಡುವಳಿದಾರರಿಂದ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿ ಪರಿಹಾರ ಕೇಳಿತ್ತು. ದೇಶದ ಉದ್ದಗಲಕ್ಕೂ ರೈತ ಸಂಘಟನೆಗಳು 39ನೇ ಕಲಮನ್ನು ಮುಂದಿಟ್ಟು ಎದ್ದುನಿಂತವು. ಕೆಲವೇ ವಾರಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು ಈ ಕಾಯ್ದೆಯಡಿಯ ಸಸ್ಯ ತಳಿ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ರದ್ದು ಮಾಡಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನೇ ತಳ್ಳಿಹಾಕಿತು. ಕಂಪನಿಯ ನೋಂದಣಿಯ ಜಗಳ ಏನೇ ಆಗಲಿ, 39ನೇ ಕಲಂ ಇದ್ದಲ್ಲೇ ಇದೆ.

ನಿಮಗೂ ಯಾವತ್ತಾದರೂ ವಕೀಲರ ನೋಟಿಸು ಬಂದರೆ ಗಾಬರಿಯಾಗಿ ಸಹಿ ಹಾಕಬೇಡಿ. ಇಂಥದೊಂದು ಹಕ್ಕು ಕಂಪನಿಗಿದೆ ಎಂಬುದು ರೈತನಿಗೆ ಗೊತ್ತೇ ಇರಲಿಲ್ಲ ಎಂದಾದರೆ ಅವನನ್ನು ತಪ್ಪಿತಸ್ಥನೆಂದು ಎಣಿಸುವಂತಿಲ್ಲ ಎನ್ನುತ್ತದೆ 42ನೇ ಕಲಂ. ಈ ಕಾಯ್ದೆಯಡಿ ಪ್ರಾಧಿಕಾರದ ಮುಂದಾಗಲಿ ಹೈಕೋರ್ಟಿನಲ್ಲಾಗಲಿ ನಡೆಯುವ ವ್ಯವಹಾರಕ್ಕೆ ರೈತ ಶುಲ್ಕ ಕಟ್ಟಬೇಕಿಲ್ಲ ಎನ್ನುತ್ತದೆ 44ನೇ ಕಲಂ. ಜೊತೆಗೆ, ಎರಡನೇ ಸಲ ಮೊಳೆಯದಂತೆ ವಂಶವಾಹಿಯನ್ನೇ ತಿದ್ದಿದ ‘ಅಂತಕ’ ಬೀಜಗಳನ್ನು ನೋಂದಾಯಿಸುವಂತೆಯೇ ಇಲ್ಲ. ಹೈಬ್ರಿಡ್ ಬೀಜದ ಸಂಗತಿ ಬೇರೆ. ಅದನ್ನು ಕಾದಿಡಬೇಡಿ ಎಂದು ಕಾನೂನು ಹೇಳುವುದಿಲ್ಲ. ಆದರೆ ಮುಂದಿನ ಪೀಳಿಗೆಯಲ್ಲಿ ಗುಣ ಒಡೆದುಹೋಗಿ ಇಳುವರಿ ಕುಸಿಯುತ್ತದೆ. ಹಾಗಾಗಿ ಜೋಳ, ಸೂರ್ಯಕಾಂತಿ, ಹತ್ತಿ ಬೆಳೆಯುವವರು ವರ್ಷವರ್ಷವೂ ಅಂಗಡಿಗೇ ಹೋಗಬೇಕು. ನಮ್ಮ ರೈತರು ಹೆಚ್ಚು ಪೆಟ್ಟು ತಿನ್ನುವುದೂ ಅಲ್ಲೇ.

ಮುಂಗಾರಿನ ಗಡಿಬಿಡಿಯಲ್ಲಿ ಬೀಜದಂಗಡಿಯ ಮುಂದೆ ಸಾಲು ನಿಂತಿರುತ್ತದೆ. ‘ಬಿಲ್ ಯಾಕಣ್ಣ, ನಾವೇನು ಹೊರಗಿನವರಾ’ ಎನ್ನುತ್ತಾನೆ ಅಂಗಡಿಯವನು. ಸಾಲದ ಮೇಲೆ ತಂದವರಂತೂ ಕೇಳುವುದಕ್ಕೇ ಹಿಂಜರಿಯುತ್ತಾರೆ. ಕೇಳಲೇಬೇಕು. ನಗದಾದರೂ ಸಾಲವಾದರೂ ಬಿಲ್ ಕೊಡಬೇಕು, ದಾಸ್ತಾನು ಮತ್ತು ದರದ ಪಟ್ಟಿಯನ್ನು ಕಾಣುವ ಹಾಗೆ ಹಾಕಬೇಕು ಎಂಬುದು 1983ರ ಬೀಜ ನಿಯಂತ್ರಣ ಆದೇಶ ಮಾರಾಟಗಾರನ ಮೇಲೆ ಹೊರಿಸಿರುವ ಕರ್ತವ್ಯ. ಬಿಲ್ಲಿನಲ್ಲಿ ತಳಿಯ ಹೆಸರು, ಲಾಟ್ ನಂಬರ್, ತೂಕ, ದರ, ತಾರೀಕು ಇರಲಿ. ಬರೀ ‘ಹತ್ತಿ ಬೀಜ 2 ಪಾಕೀಟು’ ಎಂದು ಗೀಚಿದ ಕಾಗದ ನಾಳೆ ಯಾವ ಕಟಕಟೆಯಲ್ಲೂ ನಿಲ್ಲುವುದಿಲ್ಲ.

ಪಾಕೀಟಿನ ಚೀಟಿಯನ್ನೂ ಒಮ್ಮೆ ಓದಿ. ಪ್ರಮಾಣೀಕೃತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ. ಕಂಪನಿ ತಾನೇ ಭರವಸೆ ಕೊಟ್ಟು ಮಾರುವ ಬೀಜಕ್ಕೆ ತಿಳಿ ಹಸಿರು ಚೀಟಿ. ಮೊಳಕೆಯ ಶೇಕಡಾವಾರು, ಶುದ್ಧತೆ, ಪರೀಕ್ಷೆಯ ತಾರೀಕು, ಎಲ್ಲಿಯವರೆಗೆ ಬಿತ್ತಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಪಾಕೀಟು ಒಡೆಯುವಾಗ ಚೀಟಿ ಇರುವ ಭಾಗವನ್ನು ಹರಿಯದೆ ತಳಭಾಗವನ್ನು ಕತ್ತರಿಸಿ. ಖಾಲಿ ಪಾಕೀಟನ್ನು ಬಿಲ್ಲಿನ ಜೊತೆ ಸುತ್ತಿ ಪಹಣಿ ಇಡುವ ಜಾಗದಲ್ಲೇ ಇಡಿ, ಸುಗ್ಗಿ ಮುಗಿಯುವವರೆಗೂ ಬಿಸಾಡಬೇಡಿ. ಹಿಡಿಯಷ್ಟು ಬೀಜ ಉಳಿದರೆ ಅದೂ ಅದೇ ಪಾಕೀಟಿನಲ್ಲಿರಲಿ.

ಬೀಜ ಮೊಳೆಯದಿದ್ದರೆ, ಬೆರಕೆ ಗಿಡ ಎದ್ದರೆ, ಹುಲುಸಾಗಿ ಬೆಳೆದೂ ಕಾಯಿ ಕಟ್ಟದಿದ್ದರೆ ಮೊದಲ ಕೆಲಸ ಬರವಣಿಗೆಯದು. ಅಂಗಡಿಯವನ ಹತ್ತಿರ ಮಾತಾಡಿ, ‘ಕಂಪನಿಯವರು ಬಂದು ನೋಡ್ತಾರೆ’ ಎಂಬ ಭರವಸೆ ಕಟ್ಟಿಕೊಂಡು ಮೂರು ವಾರ ಕಾದರೆ ಸಾಕ್ಷಿಯೇ ಕೈತಪ್ಪುತ್ತದೆ. ರೈತ ಸಂಪರ್ಕ ಕೇಂದ್ರಕ್ಕೂ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೂ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸರ್ವೆ ನಂಬರ್, ವಿಸ್ತೀರ್ಣ, ಬಿತ್ತಿದ ದಿನ, ಲಾಟ್ ನಂಬರ್ ಬರೆಯಿರಿ. ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಹೊಲಕ್ಕೆ ಕರೆಸಿ ಪರಿಶೀಲನೆ ಮಾಡಿಸಬೇಕೆಂದು ಅದರಲ್ಲೇ ಕೇಳಿ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಇದು ಆಗಬೇಕು. ಬೇಸತ್ತು ರಂಟೆ ಹೊಡೆದು ಅಳಿಸಿಬಿಟ್ಟರೆ ಆಮೇಲೆ ತೋರಿಸುವುದಕ್ಕೆ ಏನೂ ಉಳಿಯದು. ಅಧಿಸೂಚಿತ ತಳಿಯಾದರೆ 1968ರ ಬೀಜ ನಿಯಮಗಳ 23ಎ ನಿಯಮ ನಿಮ್ಮ ಬೆನ್ನಿಗಿದೆ. ಬೀಜದ ದೋಷದಿಂದ ಬೆಳೆ ಹಾಳಾಯಿತೆಂದು ರೈತ ಬರೆದುಕೊಟ್ಟರೆ ಬೀಜ ಪರಿವೀಕ್ಷಕರು ಚೀಟಿ, ಪಾಕೀಟು, ಉಳಿದ ಬೀಜವನ್ನು ವಶಕ್ಕೆ ಪಡೆದು, ಪ್ರಯೋಗಾಲಯಕ್ಕೆ ಕಳಿಸಿ ಕಾರಣ ಹುಡುಕಲೇಬೇಕು. ಮಾಡಿದರೆ ಮಾಡಿದರು, ಬಿಟ್ಟರೆ ಬಿಟ್ಟರು ಎನ್ನುವ ಕೆಲಸವಲ್ಲ ಅದು.

ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗವಿದೆ. ರೈತ ಗ್ರಾಹಕನೇ ಅಲ್ಲ, ವ್ಯಾಪಾರಕ್ಕಾಗಿ ಬೀಜ ಕೊಂಡವನು ಎಂಬ ವಾದವನ್ನು ಬೀಜ ಕಂಪನಿಗಳು ಬಹುಕಾಲ ಹೂಡುತ್ತ ಬಂದವು. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಅದನ್ನು ಒಪ್ಪಲಿಲ್ಲ. ಬೀಜ ಕಾಯ್ದೆ ಇದ್ದ ಮಾತ್ರಕ್ಕೆ ಗ್ರಾಹಕ ನ್ಯಾಯದ ಬಾಗಿಲು ಮುಚ್ಚುವುದಿಲ್ಲ ಎಂದಿತು. ಇನ್ನೊಂದು ಮಾತು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮುಂದೊಂದು ದಿನ ಪ್ರಯೋಗಾಲಯಕ್ಕೆ ಬೇಕಾದೀತು ಎಂದು ರೈತ ಬೀಜದ ಮಾದರಿ ತೆಗೆದಿಡುತ್ತಾನೆಂದು ನಿರೀಕ್ಷಿಸುವುದೇ ಸರಿಯಲ್ಲ, ಕೊಂಡದ್ದನ್ನೆಲ್ಲ ಅವನು ಬಿತ್ತಿರುತ್ತಾನೆ ಎಂದು ಕೋರ್ಟು ಹೇಳಿತು. ಆದ್ದರಿಂದ ಬೀಜ ಉಳಿದಿಲ್ಲವೆಂದು ಕೈಚೆಲ್ಲಬೇಡಿ. ಕೃಷಿ ಅಧಿಕಾರಿಗಳ ಸ್ಥಳ ವರದಿ, ಫೋಟೋ, ಬಿಲ್, ಅದೇ ಲಾಟಿನ ಬೀಜ ಬಿತ್ತಿ ಸೋತ ಅಕ್ಕಪಕ್ಕದವರ ಹೇಳಿಕೆ, ಇವೆಲ್ಲ ಸಾಕ್ಷ್ಯವೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ರೈತರಿಗೆ ಅನುಕೂಲವಾದ ಎರಡು ಸಂಗತಿಗಳಿವೆ. ಕಂಪನಿ ಹೈದರಾಬಾದಿನಲ್ಲಿರಲಿ, ಪುಣೆಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಶುಲ್ಕದ ಲೆಕ್ಕ ನೀವು ಕೇಳುವ ಪರಿಹಾರದ ಮೇಲಲ್ಲ, ಬೀಜಕ್ಕೆ ಕೊಟ್ಟ ಬೆಲೆಯ ಮೇಲೆ. ಆ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೇ ಇಲ್ಲ. ಅಂದರೆ ಹತ್ತು ಸಾವಿರದ ಬೀಜ ಕೊಂಡು ನಾಲ್ಕು ಲಕ್ಷದ ಬೆಳೆ ಕಳೆದುಕೊಂಡವರು ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ದೂರು ಹಾಕಲು ಅವಧಿ ಎರಡು ವರ್ಷ. ವಕೀಲರಿಲ್ಲದೆ ನೀವೇ ವಾದಿಸಬಹುದು. ವಕೀಲರು ಬೇಕೆನಿಸಿದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಬೀಜ ನೋಂದಾಯಿತ ತಳಿಯದಾಗಿದ್ದು, ಕಂಪನಿ ಹೇಳಿದಷ್ಟು ಇಳುವರಿ ಬಾರದಿದ್ದರೆ ಸಸ್ಯ ತಳಿ ಪ್ರಾಧಿಕಾರದ ಮುಂದೆಯೂ ಪರಿಹಾರ ಕೇಳುವ ದಾರಿ 39ನೇ ಕಲಮಿನ ಎರಡನೇ ಉಪಕಲಮಿನಲ್ಲಿದೆ. ಇದನ್ನು ಬಳಸಿಕೊಳ್ಳುವವರು ತೀರ ಕಡಿಮೆ.

ಇನ್ನು ಕುಲಾಂತರಿಯ ಮಾತು. ಬೇರೊಂದು ಜೀವಿಯ ವಂಶವಾಹಿಯನ್ನು ಸೇರಿಸಿದ ಬೀಜವನ್ನು ದೇಶದಲ್ಲಿ ಬಿತ್ತಬೇಕಾದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಮಾಡಿದ ನಿಯಮಗಳ ಪ್ರಕಾರ ಕೇಂದ್ರದ ಜಿಇಎಸಿ ಸಮಿತಿಯ ಒಪ್ಪಿಗೆ ಬೇಕು. ನಮ್ಮಲ್ಲಿ ರೈತರು ವ್ಯಾಪಕವಾಗಿ ಬೆಳೆಯುತ್ತಿರುವ ಒಪ್ಪಿಗೆಯ ಕುಲಾಂತರಿ ಬೆಳೆ 2002ರಲ್ಲಿ ಬಂದ ಬಿಟಿ ಹತ್ತಿ ಒಂದೇ. ಕಳೆನಾಶಕ ಹೊಡೆದರೂ ಸಾಯದ ಹತ್ತಿ ಎಂದು ಬಿಲ್ಲಿಲ್ಲದೆ, ಪಾಕೀಟಿನ ಮೇಲೆ ವಿಳಾಸವಿಲ್ಲದೆ ಮಾರುವ ಬೀಜಕ್ಕೆ ಒಪ್ಪಿಗೆಯಿಲ್ಲ. ಅದನ್ನು ಕೊಂಡು ಕೈಸುಟ್ಟುಕೊಂಡರೆ ಹಿಡಿದು ಕೇಳುವುದಕ್ಕೆ ಎದುರಾಳಿಯೇ ಸಿಗುವುದಿಲ್ಲ. ಕೂಲಿಯ ಖರ್ಚು ಉಳಿಯುತ್ತದೆಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಮೇಲೆ ಹೇಳಿದ ಒಂದೊಂದು ರಕ್ಷಣೆಯೂ ಆ ಪಾಕೀಟು ಕೊಂಡ ಗಳಿಗೆಯಲ್ಲೇ ಕಳಚಿಹೋಗುತ್ತದೆ.

ಈ ಒಪ್ಪಿಗೆಯ ವ್ಯವಹಾರದಲ್ಲಿ ಸಾಮಾನ್ಯ ನಾಗರಿಕರಿಗೆ ಜಾಗವೇ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. 2009ರ ಅಕ್ಟೋಬರಿನಲ್ಲಿ ಜಿಇಎಸಿ ಬಿಟಿ ಬದನೆಗೆ ಒಪ್ಪಿಗೆ ಸೂಚಿಸಿತ್ತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ಮೂರೇ ದಿನಕ್ಕೆ, 9ರಂದು, ಬಿಟಿ ಬದನೆಗೆ ತಡೆ ಬಿತ್ತು. ಅದೇ ಫೆಬ್ರವರಿಯಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಇನ್ನೊಂದು ಬದಿಯಿಂದ ದೂರು ಕೊಟ್ಟಿತು. ಮಲಾಪುರ ಲೋಕಲ್, ಕುದಚಿ ಲೋಕಲ್, ಉಡುಪಿ ಲೋಕಲ್ ಮೊದಲಾದ ಕರ್ನಾಟಕದ ಆರು ಬದನೆ ತಳಿಗಳನ್ನು ಜೀವವೈವಿಧ್ಯ ಕಾಯ್ದೆ ಕೇಳುವ ಅನುಮತಿಯಿಲ್ಲದೆ ಬಿಟಿ ಬದನೆಗಾಗಿ ಬಳಸಲಾಗಿದೆ ಎಂಬುದು ಆರೋಪ. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ನಮ್ಮ ಹಿತ್ತಲಿನ ಬದನೆಗೂ ಕಾಯ್ದೆಯಿದೆ ಎಂಬುದು ಆಗ ಬಹಳ ಜನರಿಗೆ ಮೊದಲ ಸಲ ತಿಳಿಯಿತು.

ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆಬೇರೆ ತೀರ್ಪು ಕೊಟ್ಟರು. ಬಿ.ವಿ. ನಾಗರತ್ನ ಅವರು ಜಿಇಎಸಿ ಒಪ್ಪಿಗೆಯನ್ನು ರದ್ದು ಮಾಡಿದರೆ ಸಂಜಯ್ ಕರೋಲ್ ಎತ್ತಿಹಿಡಿದರು. ರಾಜ್ಯಗಳು, ರೈತ ಸಂಘಟನೆಗಳು, ತಜ್ಞರೊಂದಿಗೆ ಸಮಾಲೋಚಿಸಿ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿ ರೂಪಿಸಬೇಕೆಂದು ಕೇಂದ್ರಕ್ಕೆ ಸೂಚಿಸುವಲ್ಲಿ ಮಾತ್ರ ಇಬ್ಬರದೂ ಒಂದೇ ದನಿ. ವಂಶವಾಹಿಯನ್ನು ಹೊರಗಿನಿಂದ ಸೇರಿಸದೆ ಇದ್ದದ್ದನ್ನೇ ತಿದ್ದಿದ ಕೆಲವು ಬಗೆಯ ತಳಿಗಳನ್ನು ಕೇಂದ್ರ 2022ರ ಮಾರ್ಚಿನಲ್ಲೇ 1989ರ ನಿಯಮಗಳ ಬಿಗಿಯಿಂದ ಹೊರಗಿಟ್ಟಿದೆ. ಅಂಥ ಎರಡು ಭತ್ತದ ತಳಿಗಳನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿಯಲೇಬೇಕು, ಈ ವಿನಾಯಿತಿ ಆ ಹಕ್ಕನ್ನು ಸಡಿಲಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ತಾಲೂಕಿನಲ್ಲಿ ಕುಲಾಂತರಿ ಬೆಳೆಯ ಪ್ರಯೋಗ ನಡೆಯುತ್ತಿದೆಯೆಂಬ ಸುದ್ದಿ ಬಂದರೆ ಜಿಲ್ಲಾಧಿಕಾರಿಗೆ ಬರೆಯಿರಿ. 1989ರ ನಿಯಮಗಳು ಹೇಳುವ ಜಿಲ್ಲಾ ಮಟ್ಟದ ಸಮಿತಿಗೆ ಅವರೇ ಅಧ್ಯಕ್ಷರು. ಜೊತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಪ್ರಯೋಗಕ್ಕೆ ರಾಜ್ಯ ಸರ್ಕಾರ ನಿರಾಕ್ಷೇಪಣಾ ಪತ್ರ ಕೊಟ್ಟಿದೆಯೇ, ಯಾವ ಷರತ್ತಿನ ಮೇಲೆ, ಜಿಲ್ಲಾ ಸಮಿತಿ ಯಾವಾಗ ಸೇರಿತು, ನಡಾವಳಿಯ ಪ್ರತಿ ಎಲ್ಲಿ? ಉತ್ತರಕ್ಕೆ 30 ದಿನ. ಬಾರದಿದ್ದರೆ ಇನ್ನು 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ‘ವ್ಯಾಪಾರದ ಗುಟ್ಟು’ ಎಂದು ತಳ್ಳಿಹಾಕಿದರೆ, ಸಾರ್ವಜನಿಕ ಹಿತ ದೊಡ್ಡದಿರುವಲ್ಲಿ ಆ ನೆಪ ನಡೆಯದೆಂದು ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಂ ಹೇಳುವುದನ್ನು ಮೇಲ್ಮನವಿಯಲ್ಲಿ ಬರೆಯಿರಿ.

ಊರಿನ ತಳಿಗಳನ್ನು ಕಾಯುವ ಅಧಿಕಾರ ಪಂಚಾಯಿತಿಗೂ ಇದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಊರಿನ ಜೈವಿಕ ಸಂಪತ್ತಿನ ಬಳಕೆಗೆ ಅನುಮತಿ ಕೊಡುವಾಗ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಮತ್ತು ರಾಜ್ಯ ಜೀವವೈವಿಧ್ಯ ಮಂಡಳಿ ಈ ಸಮಿತಿಯನ್ನು ಕೇಳಬೇಕು ಎನ್ನುತ್ತದೆ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ. ಎಷ್ಟೋ ಕಡೆ ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿರುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಸಮಿತಿಯ ಪಟ್ಟಿಯನ್ನೂ ಜನತಾ ಜೀವವೈವಿಧ್ಯ ದಾಖಲೆಯನ್ನೂ ಓದಿಸಿ. ನಿಮ್ಮ ಮನೆತನ ಉಳಿಸಿಕೊಂಡು ಬಂದ ಭತ್ತ, ರಾಗಿ, ಹಲಸು ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಸಸ್ಯ ತಳಿ ಕಾಯ್ದೆಯಡಿ ಆ ತಳಿಯನ್ನು ನಿಮ್ಮ ಹೆಸರಿಗೇ ನೋಂದಾಯಿಸಿಕೊಳ್ಳಬಹುದು: ಬೆಳೆಗಳಿಗೆ 15 ವರ್ಷ, ಮರಗಳಿಗೆ ಮತ್ತು ಬಳ್ಳಿಗಳಿಗೆ 18 ವರ್ಷ ರಕ್ಷಣೆ. ದೆಹಲಿಗೆ ಅಲೆಯಬೇಕಿಲ್ಲ, ಸಸ್ಯ ತಳಿ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಅರ್ಜಿ ತುಂಬುವುದಕ್ಕೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ನೆರವು ಕೇಳಿ.