ಇಂಗ್ಲೆಂಡಿನ ಗ್ರಾಮಸಾಮಾನ್ಯ ಭೂಮಿಗೆ ಬೇಲಿ ಬಿದ್ದ ಬಗೆಯೂ ಅದರ ಫಲಾಫಲಗಳೂ

ಗ್ರಾಮದಲ್ಲಿ ಉಳುವ ಹೊಲಕ್ಕೆ ಹೇಗೋ ಹಾಗೆಯೇ ದನ ಮೇಯುವ ಬಯಲಿಗೂ ಬೆಲೆಯುಂಟು. ಹೊಲದ ಬೆಲೆಯು ಕಾಗದಪತ್ರಗಳಲ್ಲಿ ಕಾಣಬರುತ್ತದೆ. ಬಯಲಿನ ಬೆಲೆಯಾದರೋ ಅದು ಕೈತಪ್ಪಿದ ಮೇಲೆಯೇ ತಿಳಿದುಬರುತ್ತದೆ. ಈ ಸಂಗತಿಗೆ ಇಂಗ್ಲೆಂಡು ದೇಶದ ಚರಿತ್ರೆಯು ತಕ್ಕ ನಿದರ್ಶನವಾಗಿದೆ.

1. ಪೂರ್ವಸ್ಥಿತಿ.— ಆ ದೇಶದ ಮಧ್ಯಭಾಗದ ಅನೇಕ ಗ್ರಾಮಗಳಲ್ಲಿ ಸಾಗುವಳಿಯ ಭೂಮಿಯೆಲ್ಲವೂ ಎರಡು ಅಥವಾ ಮೂರು ವಿಶಾಲವಾದ ಬಯಲುಗಳಾಗಿದ್ದಿತು. ಒಬ್ಬೊಬ್ಬ ಒಕ್ಕಲಿಗೂ ಈ ಬಯಲುಗಳಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟೆಗಳಿದ್ದುವು, ನಡುವೆ ಬೇಲಿಯಿರಲಿಲ್ಲ. ಮೂರು ಬಯಲುಗಳಿದ್ದಲ್ಲಿ ವರ್ಷಕ್ಕೊಂದನ್ನು ಬೀಳು ಬಿಡುತ್ತಿದ್ದರು. ಕೊಯ್ಲಾದೊಡನೆ ಊರಿನ ದನಕುರಿಗಳೆಲ್ಲವೂ ಕೂಳೆಯನ್ನು ಮೇಯುತ್ತಿದ್ದುವು. ಇದಲ್ಲದೆ ಊರಾಚೆಯ ಬಂಜರಿನಲ್ಲಿ ಹಸುವನ್ನು ಮೇಯಿಸುವುದು, ಸೌದೆಯನ್ನಾರಿಸುವುದು, ಉರುವಲಿಗಾಗಿ ಜೌಗುನೆಲದ ಮಣ್ಣುಹೆಂಟೆಯನ್ನು ಕಡಿದು ಒಣಗಿಸುವುದು ಮುಂತಾದ ಹಕ್ಕುಗಳು ನಡೆದುಬಂದಿದ್ದುವು. ನೆಲದ ಒಡೆತನವು ದೊಡ್ಡ ಜಮೀನುದಾರನದಾಗಿದ್ದರೂ ಅನುಭವದ ಹಕ್ಕು ಒಕ್ಕಲುಗಳದಾಗಿದ್ದಿತು. ಯಾರು ಎಷ್ಟು ದನ ಬಿಡಬೇಕೆಂಬುದನ್ನು ಅನೇಕ ಕಡೆಗಳಲ್ಲಿ ಗ್ರಾಮದ ಕೂಟವೇ ಗೊತ್ತುಮಾಡುತ್ತಿದ್ದಿತು.

2. ಬೇಲಿಯ ಕ್ರಮ.— 1235ನೆಯ ಇಸವಿಯ ಮರ್ಟನ್ ಶಾಸನವು, ಒಕ್ಕಲುಗಳಿಗೆ ಸಾಕಷ್ಟು ಮೇವಿನ ನೆಲವನ್ನುಳಿಸಿ ಮಿಕ್ಕ ಬಂಜರನ್ನು ಜಮೀನುದಾರನು ಬಂದೋಬಸ್ತು ಮಾಡಿಕೊಳ್ಳಬಹುದೆಂದು ವಿಧಿಸಿತು. ಮುಂದೆ ಕುರಿಯ ಉಣ್ಣೆಗೆ ಬೆಲೆಯೇರಲು ಅನೇಕರು ಹೊಲಗಳನ್ನೇ ಹುಲ್ಲುಗಾವಲಾಗಿ ಮಾಡಿ ಬೇಲಿ ಹಾಕಿದರು. 1549ರಲ್ಲಿ ನಾರ್ಫೋಕಿನಲ್ಲಿಯೂ 1607ರಲ್ಲಿ ಮಧ್ಯಭಾಗದ ಜಿಲ್ಲೆಗಳಲ್ಲಿಯೂ ಜನರು ದಂಗೆಯೆದ್ದು ಬೇಲಿಗಳನ್ನು ಕಿತ್ತುಹಾಕಿದರು. ಸುಮಾರು 1750ರಿಂದ ಮುಂದಕ್ಕೆ ಈ ಕಾರ್ಯವು ಪಾರ್ಲಿಮೆಂಟಿನ ಶಾಸನಗಳ ಮೂಲಕ ಭರದಿಂದ ಸಾಗಿತು. 1604ರಿಂದ 1914ರ ವರೆಗೆ ಇಂಥ ಶಾಸನಗಳು 5,200ಕ್ಕೂ ಹೆಚ್ಚಾಗಿ ಹುಟ್ಟಿ, ಹೊಲಬಂಜರುಗಳೆರಡೂ ಸೇರಿ ಸುಮಾರು 68 ಲಕ್ಷ ಎಕರೆ, ಎಂದರೆ ಇಂಗ್ಲೆಂಡಿನ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚಾದ ಭೂಮಿಯು ಅವುಗಳಿಗೆ ಒಳಪಟ್ಟಿತು.

ಗ್ರಾಮದ ಭೂಮಾಲಿಕರು ಅರ್ಜಿ ಕೊಡುವರು; ಒಪ್ಪಿಗೆಯನ್ನು ತಲೆಯೆಣಿಕೆಯಿಂದಲ್ಲ, ಭೂಮಿಯ ಮೌಲ್ಯದಿಂದ ಅಳೆಯುವರು. ನೇಮಕವಾದ ಕಮಿಷನರುಗಳು ಅಳತೆ ಮಾಡಿಸಿ, ಹಕ್ಕುಗಳನ್ನು ವಿಚಾರಿಸಿ, ಪಾಲು ಹಂಚಿ ನಕ್ಷೆ ಬರೆಯಿಸುವರು. ಅಳತೆಯ ಖರ್ಚು, ವಕೀಲರ ಖರ್ಚುಗಳು ಪಾಲುದಾರರ ಮೇಲೆಯೇ ಬೀಳುವುವು. ಗೊತ್ತಾದ ಅವಧಿಯೊಳಗೆ ಪಾಲಿಗೆ ಬೇಲಿಯನ್ನೂ ಹಾಕಿಸಬೇಕು.

ಈ ಕಡೆಯ ನಿಬಂಧನೆಯೇ ಸಣ್ಣ ಹಿಡುವಳಿದಾರನಿಗೆ ಮುಳುವಾಯಿತು. ಚೌಕವಾದ 1 ಎಕರೆಯ ಸುತ್ತಳತೆಯು ಸುಮಾರು 278 ಗಜ. ಚೌಕವಾದ 100 ಎಕರೆಯದು ಸುಮಾರು 2,780 ಗಜ, ಎಂದರೆ ಎಕರೆಗೆ 28 ಗಜ ಮಾತ್ರ. ಹೀಗೆ ಎಕರೆಯೊಂದಕ್ಕೆ ಬಡವನ ಬೇಲಿಯು ಧನಿಕನದರ ಹತ್ತರಷ್ಟಾಗುವುದು. ಈ ಭಾರವನ್ನು ಹೊರಲಾರದೆ ಅನೇಕರು ತಮ್ಮ ಪಾಲನ್ನು ಮಾರಿಬಿಟ್ಟರು. ಬಾಡಿಗೆಯ ಗುಡಿಸಲಿನವನ ಪಾಲು ಗುಡಿಸಲಿನ ಒಡೆಯನಿಗೆ ಸೇರಿತು. ರೂಢಿಯಿಂದ ಮಾತ್ರ ಹಸು ಮೇಯಿಸುತ್ತಿದ್ದವನಿಗೆ ಪತ್ರವಿಲ್ಲದ ಕಾರಣ ಏನೂ ದೊರೆಯಲಿಲ್ಲ.

3. ಲಾಭ ನಷ್ಟಗಳು.— ಬೇಲಿಯಿಂದ ಬೇಸಾಯಕ್ಕೆ ಅನುಕೂಲವಾದುದೂ ನಿಜವೇ. ಚದರಿದ ಪಟ್ಟೆಗಳು ಒಂದುಗೂಡಿದುವು. ಗೋದಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಮೇವು ಎಂಬ ನಾಲ್ಕು ಬೆಳೆಗಳ ಸರದಿಯನ್ನು ನಡೆಯಿಸುವುದೂ, ನೀರು ಬಸಿಯಗಾಲುವೆ ತೆಗೆಯಿಸುವುದೂ, ತಳಿಯನ್ನಾರಿಸಿ ದನಕುರಿಗಳನ್ನು ಸಾಕುವುದೂ ಸುಲಭವಾಯಿತು. ಗುತ್ತಿಗೆಯ ದರವು ಏರಿತು. ಆದರೆ ಈ ಏಳಿಗೆಯೆಲ್ಲವೂ ಬೇಲಿಯಿಂದಲೇ ಆಯಿತೆಂದು ಹೇಳಲಾಗದು. ಬೇಲಿಯಿಲ್ಲದ ಕೆಲವು ಗ್ರಾಮಗಳೂ ಪರಸ್ಪರ ಒಪ್ಪಂದದಿಂದ ಹೊಸ ಬೆಳೆಗಳನ್ನು ಬೆಳೆದುವು.

ನಷ್ಟವು ಬಡವರ ಮನೆಯೊಳಗೆ ಕಾಣಿಸಿಕೊಂಡಿತು. ಮೇವು ಹೋದ ಮೇಲೆ ಹಸು ಹೋಯಿತು. ಹಸುವಿನೊಡನೆ ಮಕ್ಕಳ ಹಾಲು ಹೋಯಿತು. ಉರುವಲಿಗೂ ಹಣ ತೆರಬೇಕಾಯಿತು. ಸ್ವಲ್ಪಮಟ್ಟಿಗೆ ಸ್ವತಂತ್ರನಾಗಿದ್ದವನು ಬರಿಯ ಕೂಲಿಯನ್ನೇ ನಂಬಬೇಕಾಯಿತು. ಬಡವರ ಪೋಷಣೆಗಾಗಿ ಭೂಮಿಯ ಮೇಲೆ ಎತ್ತುತ್ತಿದ್ದ ತೆರಿಗೆಯು, ಯುದ್ಧ, ಧಾರಣೆಯ ಏರಿಕೆ ಮುಂತಾದ ಇತರ ಕಾರಣಗಳೂ ಕೂಡಿ, ಬಹಳವಾಗಿ ಬೆಳೆಯಿತು. ಬಯಲನ್ನು ಕಟ್ಟಿಕೊಂಡ ಮಾಲಿಕರೇ ಅದನ್ನೂ ಕೊಡಬೇಕಾಯಿತು.

4. ಆರ್ಥರ್ ಯಂಗನ ಅಭಿಪ್ರಾಯ.— ಬೇಲಿ ಹಾಕಬೇಕೆಂದು ಬಹುಕಾಲ ಬೋಧಿಸಿದವರಲ್ಲಿ ಆರ್ಥರ್ ಯಂಗನು ಮುಖ್ಯನು. 1793ರಲ್ಲಿ ಸ್ಥಾಪಿತವಾದ ವ್ಯವಸಾಯ ಮಂಡಲಿಗೆ ಈತನೇ ಕಾರ್ಯದರ್ಶಿಯಾಗಿದ್ದನು. ಊರೂರು ಸುತ್ತಿ ಕಣ್ಣಾರೆ ಕಂಡ ಮೇಲೆ, ಬಹುತೇಕ ಶಾಸನಗಳಿಂದ ಬಡವರಿಗೆ ಹಾನಿಯೇ ಆಯಿತೆಂದು 1801ರಲ್ಲಿ ಬರೆದು ಪ್ರಕಟಿಸಿದನು. ಬೇಲಿ ಹಾಕುವುದನ್ನು ಆತನು ಪೂರ್ಣವಾಗಿ ಬೇಡವೆನ್ನಲಿಲ್ಲ. ಬಂಜರಿನಲ್ಲಿ ಬಡ ಸಂಸಾರಗಳಿಗೆ ಒಂದು ಹಸುವಿಗೆ ಸಾಕಾಗುವಷ್ಟು ನೆಲವನ್ನು ಕೊಡಬೇಕೆಂದು ಸೂಚಿಸಿದನು. ಆ ಸಲಹೆಯು ಬಹುಮಟ್ಟಿಗೆ ಕಾರ್ಯಕ್ಕೆ ಬರಲಿಲ್ಲ. ಉಳಿದ ಬಯಲುಗಳನ್ನು ಕಾಪಾಡುವ ಪ್ರಯತ್ನವು ತಡವಾಗಿ, 1865ರಲ್ಲಿ ಅದಕ್ಕಾಗಿ ಒಂದು ಸಂಘವು ಹುಟ್ಟಿದ ಮೇಲೆ ಬಲಗೊಂಡಿತು. 1878ರಲ್ಲಿ ಲಂಡನ್ನಿನ ಬಳಿಯ ಎಪ್ಪಿಂಗ್ ಅರಣ್ಯವು ಶಾಸನದಿಂದ ರಕ್ಷಿತವಾಯಿತು.

5. ನಮ್ಮ ಗ್ರಾಮಗಳಿಗೆ ಸಲ್ಲುವ ಪಾಠ.— ಕರ್ನಾಟಕದಲ್ಲಿ 1964ರ ಭೂಕಂದಾಯ ಶಾಸನವು ಗೋಮಾಳಕ್ಕೆ ನೆಲವನ್ನು ಕಾಯ್ದಿರಿಸಲು ಅವಕಾಶ ಕೊಟ್ಟಿತು. 1966ರ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರಿನ ಪ್ರಮಾಣವನ್ನು ಗೊತ್ತುಮಾಡಿದುವು. ಗ್ರಾಮಸಾಮಾನ್ಯ ಭೂಮಿಯ ಒತ್ತುವರಿಯನ್ನು ತೆರವುಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಆದೇಶವಿತ್ತಿತು. ಆದರೂ ಕಾನೂನಿನ ಬಲವು ಊರಿನ ಎಚ್ಚರದಿಂದಲೇ ನಿಲ್ಲತಕ್ಕುದು.

ಆದಕಾರಣ ಗ್ರಾಮದ ಹಿರಿಯರೂ ಭೂಮಾಲಿಕರೂ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಗೋಮಾಳ, ಗುಂಡುತೋಪು, ಕೆರೆಯಂಗಳಗಳ ಎಲ್ಲೆಯನ್ನು ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಎರಡನೆಯದಾಗಿ, ರೂಢಿಯಿಂದ ಅವುಗಳನ್ನು ಅನುಭವಿಸುವವರು ಯಾರಾರೆಂಬುದನ್ನು ಬರೆದಿಡಬೇಕು. ಬರೆಯದ ಹಕ್ಕು ಇಂಗ್ಲೆಂಡಿನಲ್ಲಿ ಉಳಿಯಲಿಲ್ಲ. ಮೂರನೆಯದಾಗಿ, ಬಯಲನ್ನು ಬೇರೆ ಕೆಲಸಕ್ಕೆ ಕೊಡುವ ಪ್ರಸ್ತಾಪ ಬಂದಾಗ, ಅದರಿಂದ ಎಷ್ಟು ಆದಾಯವೆಂದು ಕೇಳುವುದಕ್ಕೆ ಮುಂಚೆ, ಒಂದೇ ಹಸುವುಳ್ಳ ಮನೆಯವರು ಅದನ್ನು ನಾಳೆ ಎಲ್ಲಿ ಮೇಯಿಸುವರೆಂದು ಕೇಳತಕ್ಕುದು.