ಹಿಮದಲ್ಲಿ ರೈಲು ನೋಡುವವರು ಪಾಯಿಂಟನ್ನೂ ನೋಡಬೇಕು

ಚಿಕಾಗೊದ ಯೂನಿಯನ್ ಸ್ಟೇಷನ್‌ನಿಂದ ಅರೋರಾದವರೆಗೆ ಸುಮಾರು 60 ಕಿ.ಮೀ. ಉಪನಗರ ರೈಲುಮಾರ್ಗವಿದೆ. ಅಲ್ಲಿನ ಪ್ರಯಾಣಿಕ ರೈಲು ಸೇವೆ ಮೆಟ್ರಾದ ಎರಡಂತಸ್ತಿನ ಬೋಗಿಗಳಿಗೂ ಮೈಲುದ್ದದ ಗೂಡ್ಸ್ ಗಾಡಿಗಳಿಗೂ ಇದೇ ದಾರಿ. ಲಾ ಗ್ರೇಂಜ್, ಡೌನರ್ಸ್ ಗ್ರೋವ್‌ನಂಥ ಊರುಗಳಲ್ಲಿ ಹಳಿಯ ಮಗ್ಗುಲಲ್ಲೇ ರಸ್ತೆ ಇರುವುದರಿಂದ ಚಳಿಗಾಲದ ನಡಿಗೆಗೆ ನನಗೆ ಇದೇ ಇಷ್ಟ. ಹಿಮದ ಪುಡಿ ಎಬ್ಬಿಸುತ್ತ ಬರುವ ಡೀಸೆಲ್ ಎಂಜಿನ್ ಯಾರ ಕಣ್ಣನ್ನಾದರೂ ಹಿಡಿದು ನಿಲ್ಲಿಸುತ್ತದೆ. ಆದರೆ ಈ ನಡಿಗೆ ನನಗೆ ಕಲಿಸಿದ್ದು ಬೇರೆ. ಹಿಮದ ದಿನ ಗಾಡಿ ಹೊತ್ತಿಗೆ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಹಳಿ ಕವಲೊಡೆಯುವ ಪಾಯಿಂಟಿನಲ್ಲಿ.

ಪಾಯಿಂಟಿನಲ್ಲಿ ಮೊನಚು ತುದಿಯ ಹಳಿಯೊಂದು ಅತ್ತಿತ್ತ ಸರಿದು ಪಕ್ಕದ ಹಳಿಗೆ ಒತ್ತಿ ಕೂರಬೇಕು. ನಡುವೆ ಹಿಮ ಗಟ್ಟಿಯಾಗಿ ತುಂಬಿದರೆ ಅದು ಕೂರುವುದಿಲ್ಲ. ಕೂತದ್ದು ಖಚಿತವಾಗದೆ ಸಿಗ್ನಲ್ ಕೆಂಪು ಬಿಡುವುದಿಲ್ಲ. ಅದಕ್ಕೇ ಅಲ್ಲಿ ಗ್ಯಾಸ್ ಜ್ವಾಲೆಯನ್ನೋ ಬಿಸಿಗಾಳಿಯನ್ನೋ ಹಾಯಿಸುತ್ತಾರೆ. ಚಿಕಾಗೊದಲ್ಲಿ ಹಳಿಗೇ ಬೆಂಕಿ ಹಚ್ಚುತ್ತಾರೆಂದು ಪ್ರತಿ ಚಳಿಗಾಲ ಹರಿದಾಡುವ ಚಿತ್ರಗಳು ಇವುಗಳದ್ದೇ. ಉರಿಯುವುದು ಹಳಿಯಲ್ಲ, ಪಕ್ಕದ ಬರ್ನರ್. ಹಿಮ ನಿಂತು ಬಿಸಿಲು ಬಂದ ಮೇಲೂ ತೊಂದರೆ ಮುಗಿಯದು. ಬೋಗಿಗಳ ಅಡಿಯಲ್ಲಿ ಕಟ್ಟಿದ ಮಂಜುಗಡ್ಡೆ ಕುಲುಕಾಟಕ್ಕೆ ಕಳಚಿ ಪಾಯಿಂಟಿನೊಳಗೇ ಬೀಳುತ್ತದೆ. ಇನ್ನು ಬರಿಯ ಚಳಿಯ ಕಾಟ. 2019ರ ಜನವರಿ 30ರಂದು ಚಿಕಾಗೊದ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ತಾಪ 40 ಡಿಗ್ರಿ ಇಳಿದರೆ, ಬಿಗಿದಿರದ ಒಂದು ಕಿಲೊಮೀಟರ್ ಉಕ್ಕಿನ ಹಳಿ ಹತ್ತಿರಹತ್ತಿರ ಅರ್ಧ ಮೀಟರ್ ಕುಗ್ಗುತ್ತದೆ. ಬಿಗಿದ ಹಳಿ ಕುಗ್ಗಲಾರದು. ಆ ಸೆಳೆತವನ್ನೆಲ್ಲ ಒಳಗೇ ತಡೆದುಕೊಂಡು, ತಾಳದಾದಾಗ ಬೆಸುಗೆಯಲ್ಲೋ ಬೋಲ್ಟಿನಲ್ಲೋ ಬಿಟ್ಟುಕೊಳ್ಳುತ್ತದೆ. ಆಗ ಕೆಲಸದವರು ಎಣ್ಣೆಯಲ್ಲಿ ನೆನೆಸಿದ ಹಗ್ಗವನ್ನು ಹಳಿಗುಂಟ ಹಾಸಿ ಉರಿಸಿ, ಹಳಿ ಹಿಗ್ಗಿದ ಮೇಲೆ ತುದಿಗಳನ್ನು ಕೂಡಿಸಿ ಮತ್ತೆ ಬಿಗಿಯುತ್ತಾರೆ. ಕೊರೆಯುವ ಗಾಳಿಯಲ್ಲಿ ಬಗ್ಗಿ ಕೈಯಿಂದ ಮಾಡುವ ಕೆಲಸ ಇದು. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ತಡವೆಂದು ಗೊಣಗುವವರಿಗೆ ಈ ಜನ ಕಾಣುವುದೇ ಇಲ್ಲ ಎಂಬುದು ನನ್ನ ಕೊರಗು.

ಚಳಿಗಾಲ ವರ್ಷವರ್ಷವೂ ಬರುವಾಗ ಮೊದಲೇ ಸಿದ್ಧವಾಗಬಾರದೇ ಎಂದು ಕೇಳುವುದು ನ್ಯಾಯವೇ. ಆದರೆ ಹಿಮವೆಲ್ಲ ಒಂದೇ ಬಗೆಯದಲ್ಲ. 1991ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಒಣ ಪುಡಿಹಿಮ ವಿದ್ಯುತ್ ಗಾಡಿಗಳ ಮೋಟಾರಿನೊಳಗೆ ನುಗ್ಗಿ ಅವನ್ನು ಕೆಡಿಸಿತು. ಹಿಮ ತೀರ ಆಳವಾಗಿರಲಿಲ್ಲ, ಅದರ ಗುಣ ಬೇರೆಯಿತ್ತು. ರೈಲ್ವೆಯವರ ಈ ವಿವರಣೆಯನ್ನು ಪತ್ರಿಕೆಗಳು ಗೇಲಿ ಮಾಡಿದವು. ನನ್ನ ಮಟ್ಟಿಗೆ ಅದರಲ್ಲಿ ಹುರುಳಿತ್ತು. ಸಿದ್ಧತೆಗೆ ಖರ್ಚೂ ಇದೆ. ಅಪರೂಪಕ್ಕೆ ಹಿಮ ಬೀಳುವ ಊರು ಪ್ರತಿ ಪಾಯಿಂಟಿಗೂ ಹೀಟರ್ ಹಾಕಿಸುವುದು ದುಂದು. ಚಿಕಾಗೊ ಹಾಕಿಸದಿದ್ದರೆ ಅಪರಾಧ. ಸಿದ್ಧತೆ ಎಷ್ಟೇ ಇದ್ದರೂ ಕೆಲವು ದಿನ ಗಾಡಿ ನಿಲ್ಲುತ್ತದೆ, ನಿಲ್ಲಲೂಬೇಕು. ಹಳಿ ಪೂರ್ತಿ ತುಂಡಾದರೆ ಅದರಲ್ಲಿ ಹರಿಯುವ ವಿದ್ಯುತ್ತೂ ಸಾಮಾನ್ಯವಾಗಿ ಕಡಿದು ಸಿಗ್ನಲ್ ತಾನಾಗಿ ಕೆಂಪಾಗುತ್ತದೆ. ಆ ತಡ ಪ್ರಯಾಣಿಕರ ಜೀವ ಕಾಯುವ ತಡ.

ಇದೇ ಮಾರ್ಗದ ನೇಪರ್‌ವಿಲ್, ಅರೋರಾಗಳ ಕನ್ನಡಿಗರಲ್ಲಿ, ಅಲ್ಲಿಗೆ ಹೋಗುವ ತಂದೆತಾಯಿಯರಲ್ಲಿ ಒಂದು ಬಿನ್ನಹ. ಹಿಮದಲ್ಲಿ ರೈಲು ನೋಡಿ, ಮಕ್ಕಳಿಗೂ ತೋರಿಸಿ. ಆದರೆ ರಸ್ತೆಯಲ್ಲೋ ಪ್ಲಾಟ್‌ಫಾರ್ಮಿನಲ್ಲೋ ನಿಂತು ನೋಡಿ. ಜಲ್ಲಿಕಲ್ಲಿನ ಮೇಲೆ ಕಾಲಿಡಬೇಡಿ. ಹೊಸ ಹಿಮ ಸದ್ದನ್ನು ನುಂಗುತ್ತದೆ. ಮೇಲಾಗಿ ಚಿಕಾಗೊ ಕಡೆಗೆ ಹೋಗುವ ಮೆಟ್ರಾ ಗಾಡಿಯಲ್ಲಿ ಎಂಜಿನ್ ಹಿಂದಿನಿಂದ ತಳ್ಳುತ್ತಿರುತ್ತದೆ. ಅದರ ಗುಡುಗು ಕೇಳುವಷ್ಟರಲ್ಲಿ ಮುಂದಿನ ಬೋಗಿ ನಿಮ್ಮನ್ನು ಮುಟ್ಟಿರುತ್ತದೆ.